ಕಿಸೆಗೆ ಹೋದ ಬನ್ನಿ

ಆ ದಸರೆಯ ಸಂಜೆ ಮ್ಯಾನೇಜರ್ ನನ್ನ ಕೈಯಿಂದ ಬನ್ನಿ ಎಲೆ ತೆಗೆದುಕೊಂಡು ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು ಎಂದು ನಾನು ನಂಬಿದ್ದೆ. ಆ ನಂಬಿಕೆಯ ಮೇಲೆ ಕೈಗೆ ಬಂದ ಇನ್ನೊಂದು ನೌಕರಿಯನ್ನು ಬೇಡವೆಂದೆ. ಈಗ ಬರೆಯಲು ಕೂತರೆ ಎಲೆ ಹೋದದ್ದು ಕಿಸೆಗೋ ಟೇಬಲ್ಲಿಗೋ ಎಂದು ನನಗೇ ಖಾತ್ರಿಯಿಲ್ಲ. ಅಂದಿನ ದಿನಚರಿಯಲ್ಲಿ "ಮ್ಯಾನೇಜರ್ ಮನೆಗೆ ಹೋಗಿ ಬನ್ನಿ ಕೊಟ್ಟು ಬಂದೆ, ಮಂದಿ ಬಹಳ" ಎಂದಷ್ಟೇ ಇದೆ. ಕಿಸೆಯ ಮಾತೇ ಇಲ್ಲ. ಅದು ನನ್ನ ತಲೆಯಲ್ಲಿ ಯಾವಾಗ ಬಂದು ಕೂತಿತೋ ಹೇಳಲಾರೆ.

ನಾನು ಕೆಲಸ ಮಾಡುತ್ತಿದ್ದುದು ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ದಾರಿಯ ಒಂದು ದೊಡ್ಡ ಗ್ರಾನೈಟ್ ಕಂಪನಿಯಲ್ಲಿ. ಅದರ ಮುಖ್ಯ ಕಚೇರಿ ಯಾವುದೋ ದೂರದ ದೇಶದಲ್ಲಿತ್ತು. ಖಣಿಯಿಂದ ಬಂದ ಬ್ಲಾಕುಗಳನ್ನು ಇಲ್ಲಿ ಕೊಯ್ದು, ಪಾಲಿಶ್ ಮಾಡಿ, ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲಿಸಿ ಬಂದರಿಗೆ ಕಳಿಸುತ್ತಿದ್ದರು. ನನ್ನದು ಬಣ್ಣ ನೋಡುವ ಕೆಲಸ. ಹಸಿ ಬ್ಲಾಕಿಗೆ ನೀರು ಸುರುವಿ ಒಳಗೆ ಎಂಥ ಕೆಂಪು ಇದೆ ಎಂದು ಅಂದಾಜು ಮಾಡಬೇಕು. ಪಾಲಿಶ್ ಆದ ಮೇಲೆ ಸ್ಲ್ಯಾಬುಗಳನ್ನು ಬಯಲಿನ ಬೆಳಕಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದು ಮನೆಯ ನೆಲಕ್ಕೆ ಹೋಗುವ ಕಲ್ಲುಗಳೆಲ್ಲ ಒಂದೇ ಕೆಂಪಿನವು ಹೌದೋ ಅಲ್ಲವೋ ನೋಡಬೇಕು. ನನ್ನ ತವರು ಬಾದಾಮಿ. ಕೆಂಪು ಬಂಡೆಗಳ ಬುಡದಲ್ಲಿ ಆಡಿ ಬೆಳೆದು, ಧಾರವಾಡದಲ್ಲಿ ಭೂವಿಜ್ಞಾನ ಓದಿ, ಇನ್ನೊಂದು ಕೆಂಪು ಕಲ್ಲಿನ ಊರಿಗೆ ಸೊಸೆಯಾಗಿ ಬಂದವಳು. ಬಾದಾಮಿಯದು ಮರಳು ಗಟ್ಟಿಯಾಗಿ ಆದ ಕಲ್ಲು, ಇಳಕಲ್ಲಿನದು ಬೆಂಕಿ ತಣಿದು ಆದದ್ದು. ಎರಡನ್ನೂ ಮಂದಿ ಕೆಂಪು ಕಲ್ಲು ಎಂದೇ ಕರೆಯುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ.

ಕೆಲಸ ಹೋಗುವ ಹೆದರಿಕೆ ಶುರುವಾದದ್ದು ಒಂದು ಮೀಟಿಂಗಿನಿಂದ. ಮುಖ್ಯ ಕಚೇರಿಯ ಹೆಣ್ಣುಮಗಳೊಬ್ಬಳು ಪರದೆಯ ಮೇಲೆ ಬಂದು ನಗುನಗುತ್ತ ಇಂಗ್ಲಿಷಿನಲ್ಲಿ ಮಾತಾಡಿದಳು. ಕಂಪನಿ ತನ್ನ ಕೆಲಸಗಳನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತಿದೆ, ಎಲ್ಲರ ಸಹಕಾರ ಬೇಕು, ಇದು ಬೆಳವಣಿಗೆಯ ದಾರಿ. ಪಾಲಿಶ್ ವಿಭಾಗದ ಮುಖ್ಯಸ್ಥರು ನನ್ನ ಪಕ್ಕದಲ್ಲೇ ಕೂತಿದ್ದರು. ಬೇವೂರಿನವರು. ಹಣೆಗೆ ಬೀರಪ್ಪ ದೇವರ ಅರಿಸಿನ ಭಂಡಾರ ಹಚ್ಚಿಕೊಳ್ಳದೆ ಮಷಿನ್ ಮುಟ್ಟುತ್ತಿರಲಿಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಮೀಟಿಂಗ್ ಮುಗಿದ ಮೇಲೆ ಮೆಲ್ಲಗೆ ಕೇಳಿದರು.

"ಏನಂದ್ಲು ತಂಗೆವ್ವ ಆಕಿ?"

"ಏನೂ ಅನ್ಲಿಲ್ರಿ ಅಣ್ಣಾರ."

"ಅಷ್ಟೊತ್ತು ಮಾತಾಡಿದ್ಲಲ್ಲ!"

"ಅಷ್ಟೊತ್ತು ಏನೂ ಅನ್ಲಿಲ್ರಿ."

ಅವರು ನಕ್ಕರು. ನಾನೂ ನಕ್ಕೆ. ಅದಾದ ಸ್ವಲ್ಪ ದಿನಕ್ಕೆ ಬ್ಲಾಕುಗಳು ಕೊಯ್ಯುವ ಶೆಡ್ಡಿಗೆ ಬರುವುದು ಕಡಿಮೆಯಾಯಿತು. ಖಣಿಯಿಂದ ಬಂದ ಟ್ರೇಲರುಗಳು ನಮ್ಮ ಗೇಟಿನ ಹೊರಗೆ ನಿಂತು, ಕಾಗದ ಇಸಕೊಂಡು, ಹಾಗೆಯೇ ಬಂದರಿನ ದಾರಿ ಹಿಡಿಯತೊಡಗಿದವು. ಕಲ್ಲನ್ನು ಹಸಿಯಾಗಿಯೇ ಬೇರೆ ದೇಶಕ್ಕೆ ಒಯ್ದು ಅಲ್ಲಿಯೇ ಕೊಯ್ದು ಪಾಲಿಶ್ ಮಾಡಿದರೆ ಕಂಪನಿಗೆ ಲಾಭ ಎಂಬುದು ನಿಧಾನವಾಗಿ ಎಲ್ಲರ ಬಾಯಿಗೆ ಬಂತು. ಯಾರು ಹೇಳಿದರೋ ಗೊತ್ತಿಲ್ಲ. ಕ್ಯಾಂಟೀನಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುವಾಗ ಹುನಗುಂದದ ಸ್ಟೋರ್ ಕೀಪರ್ ಎಲ್ಲರಿಗೂ ಕೇಳುವಂತೆ ಹೇಳಿದ: "ಮೊದಲ ಕಲ್ಲು ಇಲ್ಲೇ ಮಾರಿ ತೊಳಕೊಂಡು, ತಲಿ ಹಿಕ್ಕೊಂಡು ಹೋಗ್ತಿತ್ತು. ಈಗ ಹಾಸಿಗಿಯಿಂದ ಎದ್ದು ಹಂಗ ಪರದೇಶಕ್ಕ ಹೊಂಟೈತಿ ನೋಡ್ರಿ."

ಎಲ್ಲರೂ ನಕ್ಕರು. ಆಮೇಲೆ ಯಾರೂ ಎರಡನೇ ಪ್ಲೇಟ್ ತೆಗೆದುಕೊಳ್ಳಲಿಲ್ಲ ಎಂದು ನನ್ನ ನೆನಪು. ಇದು ನಿಜವೇ, ಅಥವಾ ಹೆದರಿದವರ ಹೊಟ್ಟೆ ಹೀಗಿರಬೇಕು ಎಂದು ಈಗ ನಾನು ಸೇರಿಸುತ್ತಿದ್ದೇನೆಯೇ? ಸ್ಟೋರ್ ಕೀಪರ್ ಮಾತ್ರ ತೆಗೆದುಕೊಂಡಿರಬೇಕು. ಅವನು ಯಾವಾಗಲೂ ತೆಗೆದುಕೊಳ್ಳುತ್ತಿದ್ದ.

ಹೆದರಿಕೆ ನಮ್ಮನ್ನು ಸಣ್ಣವರನ್ನಾಗಿ ಮಾಡಿತು. ಜ್ವರ ಬಂದವರೂ ರಜೆ ಹಾಕಲಿಲ್ಲ. ಮ್ಯಾನೇಜರ್ ಮೈಸೂರು ಕಡೆಯವರು, ಮನೆಯವರನ್ನು ಅಲ್ಲೇ ಬಿಟ್ಟು ಇಳಕಲ್ಲಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಮೆತ್ತನೆಯ ಪುಸ್ತಕದ ಮಾತನ್ನು ಹಿಂದಿನಿಂದ ಅಣಕಿಸುತ್ತಿದ್ದವರೇ ಈಗ ಅವರು ಕೆಮ್ಮಿದರೆ ಬಿಸಿನೀರು ಹಿಡಿದು ಓಡುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬೇರೆ ಕಡೆ ಕೆಲಸ ಕೇಳಿದ್ದನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟದ್ದು. ಹೊರಗೆ ಹೋಗಲು ನೋಡುತ್ತಿದ್ದಾರೆ ಎಂಬ ಸುದ್ದಿ ಮೇಲೆ ಮುಟ್ಟಿದರೆ ಮೊದಲು ಅವರನ್ನೇ ತೆಗೆಯುತ್ತಾರೆ ಎಂಬ ಅಂಜಿಕೆ. ನಾನೂ ಮುಚ್ಚಿಟ್ಟೆ. ಬಾಗಲಕೋಟೆ ಕಡೆಯ ಒಂದು ಸಿಮೆಂಟ್ ಫ್ಯಾಕ್ಟರಿಯ ಪ್ರಯೋಗಾಲಯದಲ್ಲಿ ಸುಣ್ಣದ ಕಲ್ಲು ಪರೀಕ್ಷೆ ಮಾಡುವ ಜಾಗ ಖಾಲಿ ಇತ್ತು. ಕಾಯಂ ಕೆಲಸ. ಹೋಗಿ ಮಾತಾಡಿ ಬಂದೆ. ಅವರು ಒಪ್ಪಿದರು. ದೀಪಾವಳಿಯೊಳಗೆ ಹೇಳಿ, ಆಮೇಲೆ ಬೇರೆಯವರನ್ನು ನೋಡುತ್ತೇವೆ ಎಂದರು.

ಆ ದಿನ ಬಸ್ಸಿನಲ್ಲಿ ಬಾಗಲಕೋಟೆಯಿಂದ ಇಳಕಲ್ಲಿಗೆ ಬರುವಾಗ ಬದುಕಿಕೊಂಡೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಸುಣ್ಣದ ಕಲ್ಲನ್ನು ಪುಡಿ ಮಾಡಿಯೇ ನೋಡಬೇಕು. ಅದಕ್ಕೆ ಬಣ್ಣ ಹೊಂದಿಸುವವರು ಬೇಡ. ಹೀಗೆ ಯೋಚಿಸಿದೆ ಎಂದು ಬರೆಯುವುದು ಇವತ್ತಿಗೆ ಚೆನ್ನಾಗಿ ಕೇಳುತ್ತದೆ. ಆ ದಿನ ಬರೀ ಮಗಳ ಸಾಲೆ, ಬಾಗಲಕೋಟೆಯ ನವನಗರದಲ್ಲಿ ಮನೆ ಸಿಗುವುದೋ ಇಲ್ಲವೋ, ಇಂಥವೇ ತಲೆಯಲ್ಲಿದ್ದಿರಬೇಕು.

ನನ್ನ ಗಂಡನಿಗೆ ಇಳಕಲ್ಲಿನ ಪೇಟೆಯಲ್ಲಿ ಸಣ್ಣ ಸೀರೆ ಅಂಗಡಿ. ಮನೆಗೆ ಬಂದು ಸಿಮೆಂಟಿನ ಸುದ್ದಿ ಹೇಳಿದಾಗ ಅವರು ಸೀರೆ ಮಡಿಚುತ್ತ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ನಮ್ಮ ಸೀರಿ ಕತಿ ನಿನಗ ಗೊತ್ತಿಲ್ಲೇನ? ಹೆಸರು ಇಳಕಲ್ ಸೀರಿ, ಆಗೂದು ಬ್ಯಾರೆ ಊರಾಗ, ಮಷಿನ್ನಾಗ. ಕಲ್ಲಿಂದೂ ನಾಳೆ ಅಷ್ಟ. ಊರ ಹೆಸರಷ್ಟ ಉಳಿತೈತಿ, ಮಾಡೋ ಮಂದಿ ಉಳಿಯಂಗಿಲ್ಲ. ಹೋಗು."

ನಾನು ನೋಡೋಣ ಎಂದೆ.

ಮಹಾನವಮಿ ಬಂತು. ಫ್ಯಾಕ್ಟರಿಯಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಪ್ರತಿ ವರ್ಷ ಮಷಿನುಗಳನ್ನು ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂ ಹಾಕಿ, ಕುಂಬಳಕಾಯಿ ಒಡೆದು, ಕೊನೆಗೆ ಗುಂಡಿ ಒತ್ತಿ ಒಂದು ಸುತ್ತು ತಿರುಗಿಸುತ್ತಿದ್ದೆವು. ಆ ವರ್ಷ ಅರ್ಧ ಮಷಿನುಗಳು ನಿಂತೇ ಇದ್ದವು. ಅಣ್ಣ ನಿಂತವುಗಳಿಗೂ ಭಂಡಾರ ಹಚ್ಚಿದರು. ಸ್ಟೋರ್ ಕೀಪರ್ ಸುಮ್ಮನಿರಲಿಲ್ಲ: "ಮಲಗಿದಾವಕ್ಕ್ಯಾಕ ಪೂಜಿ ಮಾಡ್ತೀರಿ?"

"ಮಲಗಿದಾವಕ್ಕ ಮೊದಲ ಮಾಡಬೇಕಲೇ. ಎದ್ದದ್ದು ತನ್ನ ಹೊಟ್ಟಿ ತಾ ಹೊರಕೋತೈತಿ," ಎಂದರು ಅಣ್ಣ.

ಮರುದಿನ ದಶಮಿಯ ಸಂಜೆ ಬನ್ನಿ. ನಮ್ಮ ಕಡೆ ಅಂದು ಬನ್ನಿ ಎಲೆಯೇ ಬಂಗಾರ. ಸಣ್ಣವರು ದೊಡ್ಡವರ ಮನೆಗೆ ಹೋಗಿ ಎಲೆ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ, "ನಾವು ನೀವು ಬಂಗಾರದಂಗ ಇರೋಣ" ಎನ್ನುತ್ತಾರೆ. ಇಸಕೊಂಡವರು ಒಂದೆರಡು ಎಲೆ ತಿರುಗಿ ಕೊಡುತ್ತಾರೆ. ವರ್ಷದ ಜಗಳಗಳೂ ಅಲ್ಲಿಗೆ ಮುಗಿಯಬೇಕು. ಹಿಂದಿನ ವರ್ಷ ಮ್ಯಾನೇಜರ ಮನೆಗೆ ಕಚೇರಿಯ ನಾಲ್ಕು ಮಂದಿ ಹೋಗಿದ್ದರೇನೋ. ಈ ಸಲ ಇಡೀ ಫ್ಯಾಕ್ಟರಿ ಹೋಯಿತು. ಯಾರೂ ಕರೆಯಲಿಲ್ಲ, ಮಾತಾಡಿಕೊಳ್ಳಲಿಲ್ಲ. ಓಣಿಯ ತಿರುವಿನಲ್ಲಿ ಒಬ್ಬರನ್ನೊಬ್ಬರು ಕಂಡು "ನೀವೂ ಬಂದ್ರ್ಯಾ?" ಎಂದು ನಾಚಿಕೊಂಡೆವು. ಸ್ಟೋರ್ ಕೀಪರ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದ, ನಗೆಚಾಟಿಕೆ ಇರಲಿಲ್ಲ.

ಮ್ಯಾನೇಜರ್ ಬಾಗಿಲು ತೆರೆದವರು ಅಷ್ಟು ಮಂದಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಏನಿದು, ಎಲ್ಲರೂ ಬಂದುಬಿಟ್ಟಿದ್ದೀರಿ?" ಎಂದರು. ನಾವು ಸಾಲುಗಟ್ಟಿ ಒಳಗೆ ಹೋದೆವು. ಅವರ ಒಂದು ಕೈಯಲ್ಲಿ ಫೋನ್ ಇತ್ತು. ಕೆಲವರ ಎಲೆ ತೆಗೆದುಕೊಂಡು ಅಂಗಿಯ ಕಿಸೆಗೆ ಹಾಕಿಕೊಂಡರು, ಕೆಲವರದನ್ನು ಪಕ್ಕದ ಟೇಬಲ್ಲಿನ ಮೇಲೆ ಇಟ್ಟರು. ಯಾರಿಗೂ ತಿರುಗಿ ಕೊಡಲಿಲ್ಲ. ಕೊಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಿಕೊಡುವ ಧೈರ್ಯ ನಮಗೂ ಇರಲಿಲ್ಲ.

ತಿರುಗಿ ಎಲೆ ಬಂದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲವೇನೋ. ಬರಲಿಲ್ಲ. ಆದ್ದರಿಂದ ನಾವು ಕಿಸೆ ನೋಡಿದೆವು.

ಹಬ್ಬದ ಮರುದಿನ ಕ್ಯಾಂಟೀನಿನಲ್ಲಿ ಸ್ಟೋರ್ ಕೀಪರ್ ನಗೆಗೆಂದೇ ಶುರುಮಾಡಿದ. "ಏನಪಾ, ನಿಂದು ಕಿಸೇನೋ ಟೇಬಲ್ಲೋ?" ಪ್ರಶ್ನೆ ಕೇಳಿಸಿಕೊಂಡವ ಹೇಳಿದ, "ಕಿಸೆ." ಇನ್ನೊಬ್ಬ ಹೇಳಿದ, "ನಂದು ಟೇಬಲ್ಲಲೇ." "ಹಂಗಾರ ಗಂಟು ಮೂಟಿ ಕಟ್ಟಪಾ ನೀ." ಎಲ್ಲರೂ ನಕ್ಕರು. ಮಧ್ಯಾಹ್ನಕ್ಕೆ ಅದು ನಗೆಯಾಗಿ ಉಳಿದಿರಲಿಲ್ಲ. ಕಿಸೆಗೆ ಹೋದವರು ಉಳಿಯುತ್ತಾರೆ, ಟೇಬಲ್ಲಿಗೆ ಹೋದವರು ಹೋಗುತ್ತಾರೆ. ಮಂದಿ ಲೆಕ್ಕ ಹಾಕಿದರು. ಕಿಸೆಗೆ ಹೋದವರಲ್ಲಿ ಲೆಕ್ಕ ವಿಭಾಗದವರು, ಖಣಿಯ ಕಡೆ ಓಡಾಡುವವರು ಹೆಚ್ಚು. ಟೇಬಲ್ಲಿನವರಲ್ಲಿ ಕೊಯ್ಯುವವರು, ಪಾಲಿಶಿನವರು. ಹೊಂದಿತಲ್ಲ! ಸಾಲಿನಲ್ಲಿ ಕಚೇರಿಯವರು ಮುಂದೆ ನಿಂತಿದ್ದರು, ಶೆಡ್ಡಿನವರು ಎಂದಿನಂತೆ ಹಿಂದೆ ನಿಂತಿದ್ದರು, ಕಿಸೆ ಅಷ್ಟರಲ್ಲೇ ತುಂಬಿತ್ತು ಎಂಬ ವಿವರಣೆ ಯಾರಿಗೂ ಹೊಳೆಯಲಿಲ್ಲ. ವಿಜ್ಞಾನ ಓದಿದ ನನಗೂ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ಬೇಡವಾಗಿತ್ತು.

ಏಕೆಂದರೆ ನನ್ನದು ಕಿಸೆ ಎಂದು ನಾನು ಹೇಳಿಬಿಟ್ಟಿದ್ದೆ. ಕೇಳಿದ ಕೂಡಲೇ ಬಾಯಿಂದ ಬಂತು. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಒಂದಿಷ್ಟೂ ಅನ್ನಿಸಲಿಲ್ಲ. ಅವರ ಕೈ ಎದೆಯ ಕಡೆ ಹೋದದ್ದು ಈಗಲೂ ಕಣ್ಣ ಮುಂದೆ ಇದೆ. ಆದರೆ ನಾನು ಆಗ ನಮಸ್ಕಾರಕ್ಕೆ ಬಗ್ಗಿದ್ದೆ. ಬಗ್ಗಿದವಳಿಗೆ ಅವರ ಚಪ್ಪಲಿಯಷ್ಟೇ ಕಾಣಬೇಕು.

ಆಮೇಲಿನ ದಿನಗಳಲ್ಲಿ ಕಿಸೆಯವರು ಒಂದು ಕಡೆ, ಟೇಬಲ್ಲಿನವರು ಒಂದು ಕಡೆ ಊಟಕ್ಕೆ ಕೂರತೊಡಗಿದರು. ರೊಟ್ಟಿ ಬುತ್ತಿಯಲ್ಲಿಯ ಚಟ್ನಿ ಪಲ್ಯ ಈ ಕಡೆಯಿಂದ ಆ ಕಡೆಗೆ ದಾಟುವುದು ನಿಂತಿತು. ಬಂಗಾರದ ಹಾಗೆ ಇರೋಣ ಎಂದು ಎಲೆ ಕೊಟ್ಟು ಬಂದವರು ನಾವು. ಟೇಬಲ್ಲಿನವರ ಕಡೆ ಕೂತಿದ್ದ ಅಣ್ಣನ ಹತ್ತಿರ ನಾನು ಹೋಗಿ ಕೂತೆನೇ? ಒಂದೆರಡು ಸಲ ಹೋದೆ ಎನ್ನಿಸುತ್ತದೆ. ಅವರೇ ಒಂದು ದಿನ ಕರೆದು ಹೇಳಿದರು.

"ತಂಗೆವ್ವ, ನಾ ಕುಷ್ಟಗಿ ಕಡೆ ಒಂದು ಸಣ್ಣ ಪಾಲಿಶ್ ಫ್ಯಾಕ್ಟರಿಗೆ ಹೊಂಟೇನಿ. ಮಂದಿಗೆ ಹೇಳಬ್ಯಾಡ."

"ಆ ಎಲಿ ಸಂಬಂಧ ಏನ್ರಿ ಅಣ್ಣಾರ?"

"ಎಲಿ ಸಂಬಂಧ ಅಂದ್ರ ನೀ ನಗ್ತಿ. ಅಲ್ಲ ಅಂದ್ರ ಸುಳ್ಳಾಗತೈತಿ. ಒಮ್ಮಿ ಟೇಬಲ್ಲಿನ ಮ್ಯಾಲ ಇಟ್ಟ ಮ್ಯಾಲ ಅಲ್ಲೇ ಒಣಗಬೇಕೇನ ನಾವು? ನಿಂದು ಬಿಡು, ಕಿಸೇದಾಗ ಐತಿ."

ಸಿಮೆಂಟ್ ಫ್ಯಾಕ್ಟರಿಯ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

ದೀಪಾವಳಿ ಸಮೀಪಿಸಿತು. ಫೋನ್ ಬಂದಾಗ ನಾನು ಬಣ್ಣ ನೋಡುವ ಬಯಲಿನಲ್ಲಿದ್ದೆ. ಮೋಡವಿಲ್ಲದ ದಿನ, ಎಂಟು ಹತ್ತು ಸ್ಲ್ಯಾಬುಗಳು ಸಾಲಾಗಿ ನಿಂತಿದ್ದವು, ಒಂದು ಮಾತ್ರ ಉಳಿದವುಗಳಿಗಿಂತ ತುಸು ಮಸುಕು. ಅದನ್ನು ಹೊರಗೆ ತೆಗೆಯಿರಿ ಎಂದು ಕೈ ಮಾಡುತ್ತಲೇ ಫೋನಿನಲ್ಲಿ, "ಈಗ ಬರಲಾಗುವುದಿಲ್ಲ ಸರ್, ಮನೆಯ ಕಡೆ ತೊಂದರೆ ಇದೆ," ಎಂದೆ. ಆ ಕಡೆಯವರು ಒಳ್ಳೆಯವರು. ಇನ್ನೊಮ್ಮೆ ಯೋಚಿಸಿ ಎಂದರು. ಯೋಚಿಸಿದ್ದೇನೆ ಎಂದೆ.

ಸಂಜೆ ಗಂಡನಿಗೆ ಹೇಳಿದೆ. ದಿನಾ ಓಡಾಡುವುದು ಆಗುವುದಿಲ್ಲ, ಸಾಲೆ ಬದಲಿಸಿದರೆ ಮಗಳಿಗೆ ತ್ರಾಸು, ಇಲ್ಲಿ ನನ್ನನ್ನು ತೆಗೆಯುವುದಿಲ್ಲ ಎಂದೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಒಂದು ಎಲೆ ಹೇಳಿತು ಎನ್ನುತ್ತಿದ್ದೆನೇ?

ಸಂಕ್ರಾಂತಿ ಮುಗಿದ ಮೇಲೆ ಒಂದು ಮುಂಜಾನೆ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದರು. ಮ್ಯಾನೇಜರ್ ತಲೆ ಎತ್ತದೆ ಓದಿದರು. ಕೊಯ್ಯುವ ವಿಭಾಗ, ಪಾಲಿಶ್ ವಿಭಾಗ, ಗುಣಮಟ್ಟ ವಿಭಾಗ, ಸ್ಟೋರ್, ಲೆಕ್ಕ, ಎಲ್ಲ ಮುಚ್ಚುತ್ತವೆ. ಖಣಿ ಉಳಿಯುತ್ತದೆ, ಗೇಟಿನಲ್ಲಿ ಕಾಗದ ನೋಡುವ ಇಬ್ಬರು ಉಳಿಯುತ್ತಾರೆ. ಕಿಸೆಯವರು ಟೇಬಲ್ಲಿನವರ ಮುಖ ನೋಡಿದರು. ಸ್ಟೋರ್ ಕೀಪರ್ ಒಬ್ಬನೇ ಗಟ್ಟಿಯಾಗಿ ಅಂದ: "ಆತಲ್ರೆಪಾ, ಎಲ್ಲಾರೂ ಒಂದ ಪಂಕ್ತಿಗೆ ಬಂದ್ವಿ." ಯಾರೂ ನಗಲಿಲ್ಲ. ಅವನೂ ನಗಲಿಲ್ಲ.

ನನಗೆ ತಡೆಯಲಾಗದೆ ಮ್ಯಾನೇಜರ ಕೋಣೆಗೆ ಹೋದೆ. ಅವರು ಗೋಡೆಯ ಮೇಲಿನ ತಮ್ಮ ಮನೆಯವರ ಫೋಟೋ ತೆಗೆಯುತ್ತಿದ್ದರು. ದಸರೆಯ ಸಂಜೆಯ ಎಲೆಗಳನ್ನು ಯಾಕೆ ಹಾಗೆ ಬೇರೆ ಬೇರೆ ಇಟ್ಟಿರಿ ಎಂದು ಕೇಳಿದೆ. ಎಂಥ ಹುಚ್ಚು ಪ್ರಶ್ನೆ. ಅವರಿಗೆ ಮೊದಲು ತಿಳಿಯಲೇ ಇಲ್ಲ.

"ಎಲೆಯಾ? ಓ, ಆವತ್ತಿಂದಾ. ನನಗೇನು ಗೊತ್ತು ಮೇಡಂ? ನೀವು ಯಾಕೆ ಕೊಡ್ತಿದ್ದೀರಿ ಅಂತಲೂ ಗೊತ್ತಿರಲಿಲ್ಲ. ಅಷ್ಟು ಜನ ಬಾಗಿಲಿಗೆ ಬಂದಾಗ ವಿಷಯ ಹೇಗೋ ಹೊರಗೆ ಬಿದ್ದಿದೆ, ಗಲಾಟೆ ಮಾಡೋಕೆ ಬಂದಿದ್ದಾರೆ ಅಂದ್ಕೊಂಡೆ. ಆ ಗಾಬರಿಯಲ್ಲಿ ಕೈಗೆ ಬಂದಿದ್ದನ್ನ ಎಲ್ಲಿಟ್ಟೆನೋ."

"ಅಂದ್ರ ದಸರಾಕ್ಕ ನಿಮಗ ಗೊತ್ತಿತ್ತೇನ್ರಿ ಸರ್?"

ಅವರು ಫೋಟೋದ ಧೂಳು ಒರೆಸಿದರು. "ಮಳೆಗಾಲದಲ್ಲೇ ಗೊತ್ತಿತ್ತು. ಹೇಳಬಾರದು ಅಂದಿದ್ರು. ನಾನೂ ಅದರಲ್ಲೇ ಇದ್ದೀನಿ ಮೇಡಂ, ನನಗೂ ಬೇರೆ ಕೆಲಸ ಇಲ್ಲ."

ಅವರನ್ನು ದ್ವೇಷಿಸಿದ್ದರೆ ನನಗೆ ಒಂದಿಷ್ಟು ಹಗುರಾಗುತ್ತಿತ್ತು. ಅದಕ್ಕೂ ಅವರು ಆಸ್ಪದ ಕೊಡಲಿಲ್ಲ. ಪರದೆಯ ಮೇಲೆ ನಕ್ಕ ಹೆಣ್ಣುಮಗಳನ್ನು ದ್ವೇಷಿಸೋಣವೆಂದರೆ ಅವಳ ಮುಖವೇ ನೆನಪಿಲ್ಲ, ಹಲ್ಲಷ್ಟೇ ನೆನಪಿವೆ.

ಮರುವಾರ ಬಾಗಲಕೋಟೆಗೆ ಹೋದೆ. ಸಿಮೆಂಟ್ ಫ್ಯಾಕ್ಟರಿಯವರು ನೀರು ಕೊಟ್ಟು, ಕೂಡಿಸಿ, ಪ್ರಯೋಗಾಲಯದ ಬಾಗಿಲು ತೋರಿಸಿದರು. ಒಳಗೆ ಕಲಬುರಗಿ ಕಡೆಯ ಹುಡುಗಿಯೊಬ್ಬಳು ಪುಡಿ ತೂಗುತ್ತಿದ್ದಳು. "ಆವಾಗ ನಾವು ಭಾಳ ಕೇಳಿದ್ವಲ್ರಿ," ಎಂದರು. ಹೌದು ಎಂದೆ.

ಮೊದಲೇ ಕುಷ್ಟಗಿಗೆ ಹೋಗಿದ್ದ ಅಣ್ಣನಿಗೂ ಒಂದು ಸಲ ಫೋನ್ ಮಾಡಿದೆ. ಅಲ್ಲಿ ನೀರು ಹಾಯಿಸದೆ ಒಣಕಲ್ಲನ್ನೇ ಉಜ್ಜಿಸುತ್ತಾರಂತೆ, ಬಾಯಿಗೆ ಕಟ್ಟಿಕೊಂಡ ಟವೆಲ್ ಸಂಜೆಗೆ ಕಲ್ಲಿನ ಧೂಳಿಗೆ ಕೆಂಪಾಗಿರುತ್ತದಂತೆ. ಮಾತಿನ ನಡುವೆ ಕೆಮ್ಮಿದರು. "ಬರ್ತಿಯೇನ್ ತಂಗೆವ್ವ? ಇಲ್ಲಿ ಬಣ್ಣ ಕೇಳೋರ ಇಲ್ಲ. ಕಲ್ಲು ಇದ್ದರಾತು ಅಂತಾರ," ಎಂದು ನಕ್ಕರು. ಸಮಯಕ್ಕೆ ಹೊರಬಿದ್ದವರು ಎಂದು ನಾವೆಲ್ಲ ಹೊಟ್ಟೆಕಿಚ್ಚುಪಟ್ಟ ಮನುಷ್ಯ.

ಇತ್ತೀಚೆಗೆ ಒಂದು ದಿನ ಊಟಕ್ಕೆ ಕೂತಾಗ ಸಿಟ್ಟೋ ದುಃಖವೋ ಬಂದು ಗಂಡನಿಗೆ ಹೇಳಿದೆ: "ನೀವು ಹೋಗು ಅಂದ್ರಿ, ನಾ ಕೇಳ್ಲಿಲ್ಲ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನಾ ಎಲ್ಲಿ ಹೋಗು ಅಂದೆ?"

"ಅಂದಿದ್ರಿ. ಸೀರಿ ಮಾತು ಹೇಳಿದ್ರಿ. ಊರ ಹೆಸರು ಉಳಿತೈತಿ, ಮಂದಿ ಉಳಿಯಂಗಿಲ್ಲ ಅಂತ."

"ಸೀರಿ ಮಾತು ಹೇಳಿದ್ದು ಖರೆ. ಆದ್ರ ಹೋಗು ಅನ್ಲಿಲ್ಲ. ಎಲ್ಲಿ ಹೋದ್ರೂ ಇಷ್ಟ ಹಣೇಬರಾ, ಕಲ್ಲಾತು ಸಿಮೆಂಟಾತು. ಇಲ್ಲೇ ಇರು ಅಂದಿದ್ದೆ ನಾ. ನೀ ಬರಂಗಿಲ್ಲ ಅಂತ ಫೋನಿನಾಗ ಹೇಳಿದ ದಿವಸ ನನಗ ಖುಷಿ ಆಗಿತ್ತು."

ಅವರ ಮುಖದಲ್ಲಿ ಸುಳ್ಳಿರಲಿಲ್ಲ. ನನ್ನ ನೆನಪಿನಲ್ಲೂ ಸುಳ್ಳಿಲ್ಲ. ಒಂದೇ ಮಾತು, ಕೊನೆಯ ಶಬ್ದ ಅವರಿಗೆ ಒಂದು, ನನಗೆ ಇನ್ನೊಂದು. ಹಾಗಾದರೆ ನಾನು ಉಳಿದದ್ದು ಅವರ ಮಾತು ಕೇಳಿಯೇ? ಎಲೆಗೂ ಅದಕ್ಕೂ ಸಂಬಂಧವೇ ಇಲ್ಲವೇ? ಅಥವಾ ಆ ಮಸುಕು ಸ್ಲ್ಯಾಬನ್ನು ಹೊರಗೆ ತೆಗೆಸುವ ಅಧಿಕಾರ ಸಿಮೆಂಟ್ ಫ್ಯಾಕ್ಟರಿಯಲ್ಲಿ ಸಿಗದು ಎಂದು ಉಳಿದೆನೇ? ಹೋದ ನೌಕರಿ ತಿರುಗಿ ಬರದು, ಅದು ಇರಲಿ. ಅದು ಯಾರ ಕೈಯಿಂದ ಹೋಯಿತು ಎಂಬುದನ್ನಾದರೂ ಒಬ್ಬಳೇ ಕೂತು ಬೈದುಕೊಳ್ಳುವಷ್ಟು ಖಚಿತವಾಗಿ ತಿಳಿದಿರಬೇಕಿತ್ತು. "ಬಿಡು, ಊಟಾ ಮಾಡು," ಎಂದರು ಅವರು. ಮಾಡಿದೆ.

ಈಗ ಮುಂಜಾನೆ ಅಂಗಡಿ ತೆಗೆಯುವವಳು ನಾನು. ಸೀರೆಗಳನ್ನು ಬಣ್ಣ ಹೊಂದಿಸಿ ಇಡುತ್ತೇನೆ, ಅದೊಂದು ಬರುತ್ತದೆ. ನಿನ್ನೆ ಹುನಗುಂದದಿಂದ ತಾಯಿ ಮಗಳು ಬಂದಿದ್ದರು. ಮದುವೆಯ ಸೀರೆ. ತಾಯಿ ಎರಡು ಸೀರೆಗಳನ್ನು ಅಕ್ಕಪಕ್ಕ ಹಾಸಿ ಕೇಳಿದಳು.

"ಇದ್ರಾಗ ಕೈಮಗ್ಗದ್ದು ಯಾವುದ್ರಿ ಅಕ್ಕಾರ?"

ತೋರಿಸಿದೆ.

"ಮತ್ತ ಇದು?"

"ಮಷಿನ್ನಿಂದ್ರಿ. ಹೊರಗಿಂದ ಬರತೈತಿ."

"ಉಟ್ರ ಮಂದಿಗೆ ಗೊತ್ತಾಗತೈತೇನ್ರಿ?"

"ಇಲ್ರಿ."

"ಹಂಗಾರ ಇದನ್ನ ಕಟ್ರಿ."

ನಾನು ಅದನ್ನು ಮಡಿಚಿ ಚೀಲಕ್ಕೆ ಹಾಕಿ ಕೊಟ್ಟೆ.